ಬೆಳ್ಳಿ ಗೂಳಿಗಳ ಕೊಟ್ಟಿಗೆ

ನಾನು ಗೂಳಿಗಳನ್ನು ಕೂಡಿಹಾಕುತ್ತೇನೆ. ಸ್ಯಾನ್ ಹೊಸೆಯ ನಮ್ಮ ಮನೆಯ ಹಿತ್ತಲಲ್ಲಿ ಹುಲ್ಲಿನ ಬಣವೆ ಇದೆಯೆಂದು ಯಾರೂ ತಿಳಿಯಬೇಕಾಗಿಲ್ಲ. ಅಲ್ಲಿರುವುದು ಒಂದು ನಿಂಬೆಗಿಡ ಮತ್ತು ದಿನವೂ ಬಿಸಿಲು ಕಾಯಲು ಬರುವ ಪಕ್ಕದ ಮನೆಯ ಬೆಕ್ಕು. ನನ್ನವು ಪ್ರಾಚೀನ ಗ್ರೀಕರ ಬೆಳ್ಳಿ ನಾಣ್ಯಗಳ ಮೇಲಿನ ಗೂಳಿಗಳು. ದೊಡ್ಡದೆಂದರೆ ಹೆಬ್ಬೆರಳಿನ ತುದಿಗಿಂತ ಸ್ವಲ್ಪ ಅಗಲ, ಸಣ್ಣದು ಕಡಲೆಬೇಳೆಗಿಂತ ಚೂರು ದೊಡ್ಡದು. ಗೂಬೆ, ಕುದುರೆ, ಏಡಿ, ರಾಜರ ಮೂಗು, ಏನೆಲ್ಲ ಇರುವ ನಾಣ್ಯಗಳು ಸಿಗುತ್ತವೆ. ಅವು ಬೇರೆಯವರಿಗಿರಲಿ. ಗೂಳಿ ಇದ್ದರೆ ಮಾತ್ರ ನಾನು ಬಗ್ಗಿ ನೋಡುತ್ತೇನೆ.

ಈ ಹುಚ್ಚು ಹಿಡಿದದ್ದು ಸಾಂಟಾ ಕ್ಲಾರಾದ ಒಂದು ಹೋಟೆಲಿನಲ್ಲಿ. ಆಫೀಸಿನವರ ಊಟಕ್ಕೆ ಹೋಗಿದ್ದೆ. ಚಿಪ್ ಕಂಪನಿಯಲ್ಲಿ ನನ್ನ ಕೆಲಸ ಬೇರೆಯವರು ಬರೆದ ನಕ್ಷೆಗಳಲ್ಲಿ ತಪ್ಪು ಹುಡುಕುವುದು. ತಪ್ಪು ಸಿಕ್ಕಿದರೂ ಅದನ್ನು ನಗುನಗುತ್ತ ಹೇಳಬೇಕು. ಆ ದಿನ ಬೆಳಗಿನಿಂದ ಮೀಟಿಂಗಿನ ಮೇಲೆ ಮೀಟಿಂಗು, ಎಲ್ಲದಕ್ಕೂ ಕೋಲೆಬಸವನ ಹಾಗೆ ತಲೆಯಾಡಿಸಿ ಕತ್ತು ನೋಯುತ್ತಿತ್ತು. ಊಟ ತಪ್ಪಿಸಿಕೊಂಡು ಪಕ್ಕದ ಹಾಲಿಗೆ ನುಗ್ಗಿದೆ. ಅಲ್ಲಿ ನಾಣ್ಯ ವ್ಯಾಪಾರಿಗಳ ಮೇಳ ನಡೆದಿತ್ತು. ಬರ್ಕ್ಲಿಯಿಂದ ಬಂದಿದ್ದ ಒಬ್ಬ ವಯಸ್ಸಾದ ಹೆಂಗಸಿನ ಮೇಜಿನ ಮೇಲೆ, ಕಪ್ಪು ಮಖಮಲ್ಲಿನ ತಟ್ಟೆಯಲ್ಲಿ, ತಲೆ ತಗ್ಗಿಸಿ ಬಾಲ ಬೀಸಿ ಹಾಯಲು ನಿಂತ ಒಂದು ಗೂಳಿ ಕಂಡಿತು. ದಕ್ಷಿಣ ಇಟಲಿಯಲ್ಲಿದ್ದ ಗ್ರೀಕರ ಊರೊಂದರ ನಾಣ್ಯವಂತೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಆಫೀಸಿನಲ್ಲಿ ಅದನ್ನು ತೋರಿಸುವಂತಿಲ್ಲ. ನನ್ನ ಬದಲಿಗೆ ಹಾಯಲು ನಿಂತಿದ್ದ ಆ ಪ್ರಾಣಿಯ ಮೇಲೆ ಕೂಡಲೇ ಪ್ರೀತಿ ಬಂತು.

ಆಕೆ ನಾಣ್ಯವನ್ನು ನನ್ನ ಕೈಗೆ ಕೊಡುವ ಮೊದಲು ಎರಡು ಮಾತು ಹೇಳಿದಳು. ಒಂದು, ಅಂಚಿನಲ್ಲೇ ಹಿಡಿಯಬೇಕು, ಮುಖದ ಮೇಲೆ ಬೆರಳು ಇಡಬಾರದು. ಎರಡು, ಯಾವತ್ತೂ ತೊಳೆಯಬಾರದು. ಹಳೆಯ ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಕೂರುವ ಕಪ್ಪು ಪದರ ಕೊಳೆಯಲ್ಲ, ಅದು ನಾಣ್ಯದ ಚರ್ಮ. ಅದನ್ನು ಉಜ್ಜಿ ತೆಗೆದವನು ಕೊಲೆಗಾರ ಎಂದಳು. ನಾನು ಆ ಎರಡೂ ಮಾತನ್ನು ಮಡಿಯ ಹಾಗೆ ಪಾಲಿಸಿದೆ.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ನಮ್ಮದು ಅಂಥ ಸಂಸಾರ. ನನ್ನ ಗಂಡನಿಗೆ ಮನೆಯಲ್ಲಿ ಏನಿದ್ದರೂ ಹೊರಗೆ ಹಾಕುವ ಚಪಲ. ಸೋಫಾ ಕೂಡ ಆತನ ದೃಷ್ಟಿಯಲ್ಲಿ ಹೆಚ್ಚುವರಿ ಸಾಮಾನು. "ಸತ್ತೋರ ಚಿಲ್ಲರೆ ಕಾಸು ಇಟ್ಕೊಂಡು ಏನೇ ಮಾಡ್ತೀಯ?" ಎಂದು ಕೇಳುತ್ತಿದ್ದ. ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ?

ಹೀಗಿರುವಾಗ ಮಾವ ಬಂದರು. ಅತ್ತೆ ತೀರಿಕೊಂಡ ಮೇಲೆ ಅವರು ನಮ್ಮ ಜೊತೆಗೇ ಇರಲಿ ಎಂದು ಗಂಡ ಹೋಗಿ ಕರೆದುಕೊಂಡು ಬಂದ. ಮಾವ ಮಂಡ್ಯದ ಕಡೆಯ ಹೈಸ್ಕೂಲುಗಳಲ್ಲಿ ಲೆಕ್ಕ ಕಲಿಸಿದ ಮೇಷ್ಟ್ರು. ಸಂಕೋಚದ ಮನುಷ್ಯ. ನಾನು ಹಾಲಿಗೆ ಬಂದರೆ ಅವರು ಎದ್ದು ರೂಮಿಗೆ ಹೋಗುತ್ತಿದ್ದರು, ಅವರು ಅಡುಗೆಮನೆಗೆ ಬಂದರೆ ನಾನು ಫ್ರಿಜ್ಜಿನಲ್ಲಿ ಏನೋ ಹುಡುಕುತ್ತಿದ್ದೆ. "ಊಟ ಆಯ್ತಾ ಮಾವ?" "ಆಯ್ತವ್ವ." ತಿಂಗಳುಗಟ್ಟಲೆ ನಮ್ಮ ಸಂಭಾಷಣೆ ಅಷ್ಟರಲ್ಲೇ ಮುಗಿಯುತ್ತಿತ್ತು. ಸೊಸೆಯ ಮನೆಯಲ್ಲಿ ತಮ್ಮಿಂದ ಸದ್ದಾಗಬಾರದು ಎಂದು ಅವರು ಲೋಟವನ್ನೂ ಮೆಲ್ಲಗೆ ಇಡುತ್ತಿದ್ದರು. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತಿತ್ತು, ಆದರೆ ಏನು ಮಾತಾಡಬೇಕೋ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ತಿಂಡಿ ಮುಗಿಸಿ, ಕಿಟಕಿ ಪಕ್ಕದ ಮೇಜಿನ ಮೇಲೆ ನಾಣ್ಯಗಳ ತಟ್ಟೆ ಹರಡಿಕೊಂಡು ಕೂತಿದ್ದೆ. ಕಾಫಿ ಲೋಟ ಹಿಡಿದು ರೂಮಿಗೆ ಹೊರಟಿದ್ದ ಮಾವ ಅಲ್ಲೇ ನಿಂತರು.

"ಏನವ್ವ ಇದು, ಹೋರಿನಾ?"

"ಹೂಂ ಮಾವ. ನೋಡ್ತೀರಾ?"

ಭೂತಗನ್ನಡಿ ಕೊಟ್ಟೆ. ಬಗ್ಗಿ ನೋಡಿದರು. ದನದ ಮಾತು ಬಂದರೆ ಅವರ ಮೇಷ್ಟ್ರ ಕನ್ನಡ ಹೋಗಿ ಹುಟ್ಟಿದೂರಿನ ಕನ್ನಡ ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. "ಅಯ್ಯೋ, ಇದು ಹಾಯಕ್ಕೆ ನಿಂತದೆ ಕಣವ್ವ! ಕತ್ತು ಹೆಂಗೆ ಬಗ್ಗಿಸ್ಕಂಡದೆ ನೋಡು. ಇದರ ಮುಂದೆ ನಿಂತೋನ ಕತೆ ಮುಗೀತು." ಲೋಟ ಕೆಳಗಿಟ್ಟರು, ಕುರ್ಚಿ ಎಳೆದುಕೊಂಡರು. ಮಧ್ಯಾಹ್ನದ ಅಡುಗೆ ಆ ದಿನ ಆಗಲಿಲ್ಲ, ಗಂಡ ಪಿಜ್ಜಾ ತರಿಸಿದ.

ಅಲ್ಲಿಂದ ಪ್ರತಿ ಭಾನುವಾರ ಅದೇ ಕೆಲಸ. ನಾನು ಒಂದೊಂದೇ ನಾಣ್ಯವನ್ನು ಅಂಚಿನಲ್ಲಿ ಹಿಡಿದು ಅವರ ಮುಂದೆ ಇಡುವುದು, ಅವರು ಅದರ ಗುಣದೋಷ ಹೇಳುವುದು. ತಟ್ಟೆಗೆ ಅವರೇ ಕೊಟ್ಟಿಗೆ ಎಂದು ಹೆಸರಿಟ್ಟರು. ಸಿಸಿಲಿಯ ಒಂದು ಊರಿನ ನಾಣ್ಯದಲ್ಲಿ ಗೂಳಿಯ ಮೈಗೆ ಗಡ್ಡದ ಗಂಡಸಿನ ಮುಖ ಇದೆ, ಅದು ಅಲ್ಲಿನ ನದಿಯ ದೇವರು ಎಂದು ನಾನು ವಿವರಿಸಿದರೆ ಮಾವ, "ದೇವರಲ್ಲ, ನಮ್ಮ ಹೆಡ್‌ಮಾಸ್ಟ್ರು. ಇದೇ ಗಡ್ಡ, ಇದೇ ಸಿಡುಕು ಮುಖ" ಎಂದರು. ಅವತ್ತಿನಿಂದ ಆ ನಾಣ್ಯ ಹೆಡ್‌ಮಾಸ್ಟ್ರು. ಡಾಲ್ಫಿನ್ ಬೆನ್ನ ಮೇಲೆ ನಿಂತ ಇನ್ನೊಂದನ್ನು ಕಂಡು, "ಮೀನಿನ ಮ್ಯಾಲೆ ಹತ್ತಿ ನಿಂತದಲ್ಲ, ಇದಕ್ಕೆ ಬುದ್ಧಿ ಕಮ್ಮಿ" ಎಂದರು.

ಒಂದೇ ಒಂದು ಸಲ ಜಗಳವಾಯಿತು. ಕರುವಿಗೆ ಹಾಲು ಕುಡಿಸುತ್ತ, ಕತ್ತು ಹಿಂದಕ್ಕೆ ಚಾಚಿ ಅದನ್ನು ನೆಕ್ಕುತ್ತಿರುವ ಹಸುವಿನ ನಾಣ್ಯವೊಂದು ಮಾರಾಟಕ್ಕೆ ಬಂದಿತ್ತು. ಮಾವನಿಗೆ ಅದು ಬೇಕೇ ಬೇಕು. ನನ್ನದು ಗೂಳಿಗಳ ಸಂಗ್ರಹ, ಹಸು ಸೇರಿಸಿದರೆ ನಿಯಮ ತಪ್ಪುತ್ತದೆ ಎಂದೆ. "ಹಸು ಇಲ್ಲದ್ದು ಯಾವ ಸೀಮೆ ಕೊಟ್ಟಿಗೆನವ್ವ?" ಎಂದರು. "ನಿಮ್ಮ ಮಾತು ಕೇಳಿದ್ರೆ, ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತೆ ಮಾವ" ಎಂದು ನಾನೂ ಬಿಡಲಿಲ್ಲ. ಇಬ್ಬರೂ ನಕ್ಕೆವು. ಹಸು ಮನೆಗೆ ಬಂತು. ಮಾವನ ಜೊತೆ ಹೀಗೆ ಎದುರು ಮಾತಾಡುತ್ತೇನೆಂದು ಒಂದು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಆಮೇಲೆ ಕಣ್ಣಿನ ಸುದ್ದಿ ಬಂತು. ಪೇಪರಿನ ಸಾಲುಗಳು ನಡುವೆ ಅಳಿಸಿಹೋದಂತೆ ಕಾಣುತ್ತವೆ ಎಂದು ಮಾವ ಹೇಳಿದ್ದರಿಂದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆಯುತ್ತಿದೆ, ಇಂಜೆಕ್ಷನ್ ಕೊಟ್ಟು ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ ಎಂದರು. ಬದಿಯ ನೋಟ ಉಳಿಯುತ್ತದೆ, ಓಡಾಡಬಹುದು. ಹೋಗುವುದು ಎದುರಿಗಿರುವುದು: ಅಕ್ಷರ, ಮುಖ, ಸಣ್ಣ ವಸ್ತು.

ಮನೆಗೆ ಬರುವಾಗ ಫ್ರೀವೇಯಲ್ಲಿ ಮಾವ ಪೇಪರಿನ ಬಗ್ಗೆ ಕೇಳಲಿಲ್ಲ, ಟಿವಿಯ ಬಗ್ಗೆ ಕೇಳಲಿಲ್ಲ. "ಕೊಟ್ಟಿಗೇಲಿರೋವೂ ಕಾಣದೆ ಹೋಯ್ತವಾ?" ಎಂದು ಕೇಳಿದರು.

"ಇಲ್ಲ ಮಾವ, ಹಾಗೇನೂ ಆಗಲ್ಲ" ಎಂದೆ. ಕಣ್ಣಿಗೆ ನೀರು ಬಂದು ಮುಂದಿನ ಕಾರು ಮಂಜಾಯಿತು. ಆ ಭಾನುವಾರಗಳು ನನಗೂ ಅಷ್ಟೇ ಬೇಕಾಗಿದ್ದವು. ಅವು ಹೋದರೆ ಮತ್ತೆ ನಾವು "ಊಟ ಆಯ್ತಾ" ಎನ್ನುವ ಜಾಗಕ್ಕೆ ಬಂದು ನಿಲ್ಲುತ್ತೇವೆ ಎಂದು ಹೆದರಿಕೆಯಾಯಿತು.

ಇಂಜೆಕ್ಷನ್ ಶುರುವಾಯಿತು. ಭಾನುವಾರಗಳು ನಡೆದವು. ನಾನು ನಾಣ್ಯ ಇಡುತ್ತಿದ್ದ ಹಾಗೇ ಮಾವ ಭೂತಗನ್ನಡಿ ಹಿಡಿದು, "ಹಾಯೋನು ಬಂದ... ಹೆಡ್‌ಮಾಸ್ಟ್ರು ಬಂದ್ರು..." ಎಂದು ಒಂದೂ ತಪ್ಪದೆ ಹೇಳುತ್ತಿದ್ದರು. ಔಷಧ ಹಿಡಿಯಿತು ಎಂದು ಎಲ್ಲರ ಬಳಿ ಹೇಳಿಕೊಂಡು ಬಂದೆ. ಒಂದು ವಾರ ಮಾತ್ರ, ಮಖಮಲ್ಲಿನ ಧೂಳು ಒರೆಸಿ ನಾಣ್ಯಗಳನ್ನು ಹೇಗೆಂದರೆ ಹಾಗೆ ತುಂಬಿದ್ದ ದಿನ, ಮೊದಲನೆಯದನ್ನು ಇಡುತ್ತಲೇ ಅವರಿಗೆ ತಲೆನೋವು ಬಂತು. ಎದ್ದು ಹೋಗಿ ಮಲಗಿದರು. ಚಳಿಗಾಲ, ಶೀತವಿರಬೇಕು ಎಂದುಕೊಂಡು ಮೆಣಸಿನ ಸಾರು ಮಾಡಿದೆ.

ಸಂಕ್ರಾಂತಿ ಬಂತು. ಮಾವನ ಕಡೆ ಸಂಕ್ರಾಂತಿ ಎಂದರೆ ದನಗಳ ಹಬ್ಬ. ಬೆಳಿಗ್ಗೆ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಬೀದಿಯಲ್ಲಿ ಬೆಂಕಿ ಹಾಕಿ ಕಿಚ್ಚು ಹಾಯಿಸುತ್ತಾರೆ. ಇಲ್ಲಿ ಅದು ಆಫೀಸು ಇರುವ ಒಂದು ವಾರದ ದಿನ. ನಾನು ಬೆಳಿಗ್ಗೆಯೇ ಎಳ್ಳುಬೆಲ್ಲದ ಡಬ್ಬಿ ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದೆ.

ಸಂಜೆ ಬಾಗಿಲು ತೆಗೆದರೆ ಹುಣಸೆಹಣ್ಣಿನ ವಾಸನೆ. ಕಿಟಕಿ ಪಕ್ಕದ ಮೇಜಿನ ಮೇಲೆ ಬಿಳಿ ಟವೆಲು ಹಾಸಿತ್ತು. ಅದರ ಮೇಲೆ ಸಾಲಾಗಿ ನನ್ನ ಗೂಳಿಗಳು, ನಿನ್ನೆ ತಾನೇ ಅಕ್ಕಸಾಲಿಗನ ಅಂಗಡಿಯಿಂದ ಬಂದ ಹಾಗೆ ಫಳಫಳ ಹೊಳೆಯುತ್ತಿದ್ದವು. ಹುಣಸೆಹಣ್ಣಿನ ನೀರಲ್ಲಿ ನೆನೆಸಿ, ವಿಭೂತಿ ಹಾಕಿ, ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದ್ದರು. ಒಂದೊಂದರ ಮೇಲೂ ಅರಿಶಿನ ಕುಂಕುಮದ ಚುಕ್ಕೆ. ಮುಂದೆ ಒಂದು ತಟ್ಟೆಯಲ್ಲಿ ಎಳ್ಳುಬೆಲ್ಲ, ಎಲ್ ಕಮೀನೊ ರಸ್ತೆಯ ಇಂಡಿಯನ್ ಅಂಗಡಿಯಿಂದ ತಂದಿದ್ದ ಕಬ್ಬಿನ ತುಂಡು. ಮಾವ ಸ್ನಾನ ಮಾಡಿ, ಪಂಚೆ ಉಟ್ಟು, ಅವುಗಳ ಪಕ್ಕ ಕೂತಿದ್ದರು.

"ಬಂದ್ಯಾ? ಹಬ್ಬದ ದಿನ ದನ ತೊಳೀದೆ ಇರ್ತಾರಾ ಅಂತ ತೊಳೆದೆ ಕಣವ್ವ. ಕಿಚ್ಚೂ ಹಾಯ್ಸನ ಅಂತ ಮೇಣದಬತ್ತಿ ತಕಂಡೆ. ಆಮೇಲೆ ಆ ಹೊಗೆ ಅಲಾರಂ ಬಡ್ಕಂಡರೆ ಏನ್ ಗತಿ ಅಂತ ಸುಮ್ಮನಾದೆ."

ಕೋಪ ನೆತ್ತಿಗೇರಿತು. ಎರಡು ಸಾವಿರ ವರ್ಷಕ್ಕಿಂತ ಹಳೆಯ ಚರ್ಮ ನಮ್ಮ ಅಡುಗೆಮನೆಯ ಸಿಂಕಿನಲ್ಲಿ ಹರಿದುಹೋಗಿತ್ತು, ಹೋದದ್ದು ಬರುವುದಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಮಾವ ಒಂದು ನಾಣ್ಯ ಎತ್ತಿಕೊಂಡರು. ಅದನ್ನು ಕಣ್ಣೆದುರಿಗೆ ಹಿಡಿಯಲಿಲ್ಲ. ಮುಖವನ್ನು ಪೂರ್ತಿ ಗೋಡೆಯ ಕಡೆ ತಿರುಗಿಸಿ, ಕಣ್ಣಿನ ಕೊನೆಯಿಂದ ಓರೆಯಾಗಿ ಅದನ್ನು ನೋಡಿದರು. ಮುಖ ಅರಳಿತು.

"ಈಗ ಕಾಣ್ತವೆ. ನೋಡು, ಇದು ಹಾಯೋನು. ಕರ್ರಗಿದ್ದಾಗ ಒಂದೂ ಕಾಣ್ತಿರ್ಲಿಲ್ಲ."

ತೆರೆದ ಬಾಯಿಂದ ಬೈಗುಳದ ಬದಲು ಪ್ರಶ್ನೆ ಬಂತು. "ಯಾವಾಗಿಂದ ಮಾವ?"

"ದೀಪಾವಳಿಗೂ ಮುಂಚಿಂದ."

"ಮತ್ತೆ ವಾರ ವಾರ ಎಲ್ಲಾ ಸರಿಯಾಗಿ ಹೇಳ್ತಿದ್ರಲ್ಲ?"

"ನೀನು ಜೋಡಿಸೋದು ಯಾವಾಗಲೂ ಒಂದೇ ಥರ. ಮೊದಲು ಹಾಯೋನು, ಆಮೇಲೆ ಹೆಡ್‌ಮಾಸ್ಟ್ರು, ಆಮೇಲೆ ಮೀನಿನ ಮ್ಯಾಲಿಂದು. ಬಾಯಿಪಾಠ ಮಾಡ್ಕಂಡಿದ್ದೆ." ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರು ಅವರ ಮುಂದೆ ಎಷ್ಟೋ ಸಲ ನಿಂತಿದ್ದಿರಬೇಕು, ಈಗ ಅವರೇ ಹಾಗೆ ತಲೆ ತಗ್ಗಿಸಿದರು.

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ತಟ್ಟೆ ಎತ್ತಿಡ್ತಿದ್ದೆ. ಕಾಣದೇ ಇರೋನ ಮುಂದೆ ಯಾಕೆ ಹರಡೋದು ಅಂತ. ಆಮೇಲೆ ನಿನ್ನ ಹತ್ರ ಬಂದು ಕೂತ್ಕಳಕ್ಕೆ ನನಗೆ ಏನು ನೆಪ ಇತ್ತವ್ವ?"

ಕೈಕಾಲು ತೊಳೆದು ಬರುತ್ತೇನೆ ಎಂದು ಗರಾಜಿಗೆ ಹೋದೆ. ಅಲ್ಲಿ ವಾಷಿಂಗ್ ಮಷೀನಿಗೆ ಬಾಯಿಗೆ ಬಂದಂತೆ ಬೈದೆ, ಆಮೇಲೆ ಅದರ ಮೇಲೆ ತಲೆಯಿಟ್ಟು ಅತ್ತೆ. ಅತ್ತದ್ದು ನಾಣ್ಯಗಳಿಗಾಗಿ ಎಂದು ಮೊದಲು ಅಂದುಕೊಂಡಿದ್ದೆ. ಸ್ವಲ್ಪ ಹೊತ್ತಿಗೆ ಅಲ್ಲವೆಂದು ತಿಳಿಯಿತು. ನೆಪ ಬೇಕೆಂದು ತಿಳಿದಿದ್ದರಲ್ಲ, ಅದಕ್ಕೆ.

ಗಂಡ ಆಫೀಸಿನಿಂದ ಬಂದವನು ಗರಾಜಿನಲ್ಲೇ ಸಿಕ್ಕಿದ. ಎಲ್ಲ ಹೇಳಿದೆ. ಹೊರಗೆ ಹಾಕುವುದರಲ್ಲಿ ನಿಪುಣನಾದ ಆತನಿಗೂ ಆಗಿರುವುದು ಏನೆಂದು ಅರ್ಥವಾಯಿತು.

"ಹಾಳಾಯ್ತು ಅಂತ ಅಪ್ಪಂಗೆ ಗೊತ್ತಾ?"

"ಇಲ್ಲ. ತೊಳೀಬಾರದು ಅಂತ ನಾನು ಅವರಿಗೆ ಹೇಳೇ ಇರಲಿಲ್ಲ. ನೀನೇನಾದ್ರೂ ಬಾಯಿ ಬಿಟ್ಯೋ, ನೋಡು ಮತ್ತೆ."

ಆತ ಬಾಯಿ ಬಿಡಲಿಲ್ಲ. ಮುಂದಿನ ಭಾನುವಾರದ ಹೊತ್ತಿಗೆ ಎಲ್ಲಿಂದಲೋ ಒಂದು ಪ್ರಖರವಾದ ಮೇಜುದೀಪ ತಂದು, ವೈರು ಜೋಡಿಸಿ, ಅಪ್ಪನ ಕುರ್ಚಿಯ ಎಡಕ್ಕೆ ಇಟ್ಟ. ಮದುವೆಯಾದಂದಿನಿಂದ ಆತ ಮನೆಗೆ ತಾನಾಗಿ ಒಂದು ಸಾಮಾನು ತಂದದ್ದು ಅದೇ ಮೊದಲು.

ಬರ್ಕ್ಲಿಯ ವ್ಯಾಪಾರಿ ಹೆಂಗಸಿಗೆ ಫೋನ್ ಮಾಡಿದೆ. ಏನು ಹಾಕಿ ಉಜ್ಜಿದರು ಎಂದು ಕೇಳಿದಳು. ಹುಣಸೆಹಣ್ಣು ಮತ್ತು ವಿಭೂತಿ ಎಂದರೆ ಏನೆಂದು ಅವಳಿಗೆ ತಿಳಿಸಿಕೊಡುವುದೇ ಒಂದು ಕೆಲಸವಾಯಿತು. ಆಮೇಲೆ, ಮಣ್ಣಿನಿಂದ ತೆಗೆದ ನಾಣ್ಯಗಳನ್ನು ಯಾರಾದರೂ ಒಬ್ಬರು ಒಂದಲ್ಲ ಒಂದು ಕಾಲದಲ್ಲಿ ತೊಳೆದೇ ಇರುತ್ತಾರೆ, ನಿನ್ನವನ್ನು ತೊಳೆದವರು ಯಾರೆಂದಾದರೂ ನಿನಗೆ ಗೊತ್ತು ಎಂದಳು. ಗಾಳಿಗೆ ಬಿಟ್ಟರೆ ನಿಧಾನವಾಗಿ ಮತ್ತೆ ಕಪ್ಪಾಗುತ್ತವೆ ಎಂದೂ ಸಮಾಧಾನ ಹೇಳಿದಳು. ನನಗೆ ಕಪ್ಪಾಗುವುದು ಬೇಕಿರಲಿಲ್ಲ. ಗಾಳಿಯಾಡದ ಡಬ್ಬಿ ತಂದು ಅದರಲ್ಲಿ ಮುಚ್ಚಿಟ್ಟೆ. ಹೊಳಪು ಇದ್ದಷ್ಟು ದಿನ ಮಾವನಿಗೆ ಕಾಣಲಿ ಎಂದು.

ಆ ದೀಪದಲ್ಲಿ, ಆ ಹೊಳಪಿನಲ್ಲಿ, ಮುಖ ಗೋಡೆಗೆ ತಿರುಗಿಸಿಕೊಂಡು ಮಾವ ವಸಂತವೆಲ್ಲ ನೋಡಿದರು. ಬೇಸಿಗೆ ಮುಗಿಯುವ ಹೊತ್ತಿಗೆ ಅದೂ ನಿಂತಿತು. ಈ ಸಲ ಅವರು ಅದನ್ನು ನನ್ನಿಂದ ಮುಚ್ಚಿಡಲಿಲ್ಲ. ನಾಣ್ಯವನ್ನು ಕೆಳಗಿಟ್ಟು, "ಮುಗೀತು ಕಣವ್ವ. ಬರೀ ಬೆಳಕು ಕಾಣ್ತದೆ, ದನ ಇಲ್ಲ" ಎಂದರು.

ನಾನು ಆ ನಾಣ್ಯವನ್ನು ಎತ್ತಿ ಅವರ ಅಂಗೈಯಲ್ಲಿಟ್ಟೆ. ಅವರು ಅಭ್ಯಾಸಬಲದಿಂದ ಅಂಚು ಹುಡುಕಿದರು. ಹೆಬ್ಬೆರಳನ್ನು ನಾಣ್ಯದ ಮುಖದ ಮೇಲೆ ಇಡಿ ಎಂದು ಬಾಯಿಬಿಟ್ಟು ಹೇಳಲು ನನಗೆ ಧೈರ್ಯ ಬೇಕಾಯಿತು, ಅಷ್ಟು ವರ್ಷದ ಮಡಿ ಅದು. "ಅಂಚು ಬಿಡಿ ಮಾವ. ಮೇಲೆ ಸವರಿ."

"ಮುಟ್ಟಬಾರದು ಅಂತಿದ್ದೆ?"

"ಈಗ ಮುಟ್ಟಬಹುದು."

ಹೆಬ್ಬೆರಳು ನಿಧಾನವಾಗಿ ಓಡಾಡಿತು. ಬೆನ್ನು, ಭುಜ, ಹೊಟ್ಟೆಯ ಕೆಳಗೆ ಏನೋ ಒಂದು ಉಬ್ಬು. ಅಲ್ಲಿ ನಿಂತಿತು. "ಕರು" ಎಂದರು. "ಹಸು ಬೇಡ ಅಂತಿದ್ದೆಯಲ್ಲ."

ಆಮೇಲಿನ ಭಾನುವಾರಗಳು ಮೊದಲಿನವಕ್ಕಿಂತ ಉದ್ದ. ಬೆರಳಿಗೆ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು, ಮಾತಿಗೂ ಜಾಗ ಸಿಗುತ್ತದೆ. ಈಗ ನನ್ನ ಸಂಗ್ರಹವನ್ನು ತಿಳಿದವರು ನೋಡಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ತೊಳೆದದ್ದು ಸಾಲದೆಂದು ಬೆರಳಿನ ಎಣ್ಣೆ ಬೇರೆ. ಚಚ್ಚಿಕೊಳ್ಳಲಿ.

ಇದಾದ ಕೆಲವು ತಿಂಗಳಿಗೆ, ನಾನು ಬಹಳ ಕಾಲದಿಂದ ಹುಡುಕುತ್ತಿದ್ದ ಒಂದು ನಾಣ್ಯ ಹರಾಜಿನಲ್ಲಿ ಸಿಕ್ಕಿ, ಒಂದು ಶನಿವಾರ ಬೆಳಿಗ್ಗೆ ಪೋಸ್ಟಿನಲ್ಲಿ ಬಂತು. ಯುದ್ಧದಲ್ಲಿ ನೆಲಸಮವಾಗಿ ಹೋದ ಒಂದು ಗ್ರೀಕ್ ಊರಿನದು. ಮಾವ ಹಿತ್ತಲಲ್ಲಿ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಕೂತಿದ್ದರು. ಲಕೋಟೆ ಹರಿದೆ, ಒಳಗಿನ ಪೊಟ್ಟಣ ಬಿಚ್ಚಿದೆ, ನಾಣ್ಯವನ್ನು ನೋಡದೆ ಅವರ ಅಂಗೈಗೆ ಜಾರಿಸಿದೆ.

"ಹೊಸದು?"

"ಹೂಂ. ಯಾವುದು ಹೇಳಿ."

ಹೆಬ್ಬೆರಳು ಹೊರಟಿತು. "ದೊಡ್ಡದು. ನಿಂತದೆ, ಹಾಯ್ತಾ ಇಲ್ಲ. ಮೈ ಆ ಕಡೆ... ಮುಖ ಎಲ್ಲಿ? ಓ, ಹಿಂದಕ್ಕೆ ತಿರುಗಿಸ್ಕಂಡದೆ." ನಾಣ್ಯ ಮಗುಚಿದರು. "ಇಲ್ಲಿ ಗುಳಿ ಅದೆ. ಅದೇ ಹೋರಿ, ಒಳಗಡೆಯಿಂದ. ಹಿಂಗೂ ಮಾಡ್ತಿದ್ರಾ?" ಮತ್ತೆ ಮುಂದುಗಡೆಗೆ ಬಂದು ತಿರುಗಿದ ಕತ್ತನ್ನೇ ಸವರುತ್ತ ನಗತೊಡಗಿದರು. "ಇದೂ ನನ್ನ ಥರದ್ದೇ ಕಣವ್ವ. ನೇರಕ್ಕೆ ಕಾಣಲ್ಲ ಅಂತ ಓರೆಯಾಗಿ ನೋಡ್ತಾ ಅದೆ."

ನನಗೂ ನಗು ಬಂತು, ನಗುವಿನ ಜೊತೆಗೆ ಇನ್ನೊಂದೂ ಬಂತು.

"ಬಣ್ಣ ಹೆಂಗದೆ? ಕರ್ರಗದಾ?"

"ಗೊತ್ತಿಲ್ಲ ಮಾವ. ನಾನಿನ್ನೂ ನೋಡಿಲ್ಲ."

ಬೆರಳು ನಿಂತಿತು. "ಇಷ್ಟು ವರ್ಷ ಹುಡುಕಿದ್ದು. ನೀನು ನೋಡದೆ ನನಗೆ ಕೊಟ್ಯಾ?"

"ಹೂಂ."

ಅವರು ಸ್ವಲ್ಪ ಹೊತ್ತು ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದು ಕೂತರು. ಆಮೇಲೆ ಇನ್ನೊಂದು ಕೈ ಚಾಚಿ, ಮುಖ ಓರೆ ಮಾಡಿ, ನನ್ನ ಕೈ ಹುಡುಕಿದರು. ಅಂಗೈ ಬಿಡಿಸಿ ಅದರಲ್ಲಿ ಗೂಳಿಯನ್ನಿಟ್ಟರು. ಇಟ್ಟ ಕೈಯನ್ನು ತೆಗೆಯಲಿಲ್ಲ. ನಮ್ಮ ಕಡೆ ಮಾವನಾದವರು ಸೊಸೆಯ ಕೈ ಹಿಡಿಯುವುದಿಲ್ಲ. ಅವರು ಹಿಡಿದುಕೊಂಡೇ, "ಈಗ ನೀನು ನೋಡವ್ವ" ಎಂದರು.

ಕೈ ಎಳೆದುಕೊಳ್ಳದೆ, "ಆಮೇಲೆ ನೋಡ್ತೀನಿ ಮಾವ" ಎಂದೆ.